ಬೂಷ್ಟು ಇಲ್ಲದ ವ್ಯಾನ್

ಆ ಏಳು ರೇಷ್ಮೆ ಸೀರೆಗಳ ಅಂಚು, ಸೆರಗು, ಬುಟ್ಟಾ ಎಲ್ಲವನ್ನೂ ಬರೆದವನು ಅನಿಲ್ ಕುಮಾರ್. ಹತ್ತೊಂಬತ್ತು ವರ್ಷದಿಂದ ಚಿಕ್ಕಪೇಟೆಯ ಪರಮಶಿವಯ್ಯನವರ ಸಗಟು ಅಂಗಡಿಯ ಮೂಲೆಯಲ್ಲಿ ಕೂತು, ಗ್ರಾಫ್ ಹಾಳೆಯ ಚೌಕಗಳನ್ನು ಒಂದೊಂದಾಗಿ ತುಂಬಿಸಿ ಬರೆದದ್ದು. ಮಾರ್ಚಿನಲ್ಲಿ ದೆಹಲಿಯ ಪ್ರದರ್ಶನದಲ್ಲಿ ಅವಕ್ಕೆ ಪ್ರಶಸ್ತಿ ಬಂದಾಗ ಫಲಕದ ಮೇಲಿದ್ದದ್ದು ಯಜಮಾನರ ಮಗಳು ಮಾನ್ಯಳ ಹೆಸರು.

"ಹೊಸದಾಗಿ ಬ್ರ್ಯಾಂಡ್ ಶುರು ಮಾಡ್ತಿದಾಳೆ, ಅನಿಲ್. ನೀನು ಮನೆಯವನೇ ಅಲ್ವಾ?" ಎಂದರು ಪರಮಶಿವಯ್ಯ.

"ಹೂಂ ಸಾರ್" ಎಂದು ಮತ್ತೆ ಗ್ರಾಫ್ ಹಾಳೆಯತ್ತ ಬಗ್ಗಿದ.

ಜೂನ್ ಮೊದಲ ವಾರ ಅಂಗಡಿಗೆ ಬಣ್ಣ ಹೊಡೆಸಲು ಸರಕನ್ನೆಲ್ಲ ಮಹಡಿಗೆ ಸಾಗಿಸಿದರು. ನಾಲ್ಕು ದಿನದ ಗಡಿಬಿಡಿಯಲ್ಲಿ ಏಳೂ ಸೀರೆ ಒಂದೆರಡರಂತೆ ಅನಿಲನ ಊಟದ ಚೀಲದಲ್ಲಿ ಹೊರಬಿದ್ದವು. ಪೊಲೀಸರು ಎಲ್ಲರ ಮನೆ ಜಾಲಾಡಿದರು. ಚಾಮರಾಜಪೇಟೆಯಲ್ಲಿ ಅವನು ಬಾಡಿಗೆಗಿದ್ದ ಮಹಡಿ ಮನೆಯನ್ನೂ ಬಿಡಲಿಲ್ಲ. ಕೆಳಗಿನ ತಗಡಿನ ಶೆಡ್ಡಿನಲ್ಲಿ ಅವನ ಸ್ಕೂಟರ್ ಪಕ್ಕ ನಿಂತಿದ್ದ, ಒಳಗೇ ಹಾಸಿಗೆ ಕಪಾಟುಗಳಿರುವ ಕ್ಯಾಂಪರ್ ವ್ಯಾನನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದು ಮನೆಯ ಒಡತಿ ಪ್ರತಿಭಾ ಅವರದು. ಮಲ್ಲೇಶ್ವರದಲ್ಲಿರುವ ಕಾಲೇಜು ಮೇಡಂ; ಮೇ ತಿಂಗಳಲ್ಲಿ ತಂದು ನಿಲ್ಲಿಸಿ ಬೀಗ ಹಾಕಿ ಹೋದವರು ಇತ್ತ ಸುಳಿದಿರಲಿಲ್ಲ. ತಂದು ನಿಲ್ಲಿಸಿದ ದಿನ, ಬ್ಯಾಟರಿ ಬಿಚ್ಚಲು ಬರುವ ಮೆಕ್ಯಾನಿಕ್‌ಗೆಂದು ಅವರು ಸಂಜೆಯವರೆಗೆ ಕೀ ಕೊಟ್ಟಾಗಲೇ ಅನಿಲ್ ನಕಲು ಮಾಡಿಸಿಕೊಂಡಿದ್ದ.

ದಸರಾ ಕಳೆದ ಮೇಲೆ ಸೀರೆಗಳು ಮುಂಬೈನ ಒಬ್ಬ ಸಂಗ್ರಾಹಕನ ಕೈ ಸೇರಬೇಕು. ಅಲ್ಲಿಯವರೆಗೆ ಅವನಿಗಿದ್ದ ಶತ್ರು ಪೊಲೀಸರಲ್ಲ, ಬೂಷ್ಟು. ಮೊದಲ ಸಲ ಬಾಗಿಲು ತೆಗೆದಾಗಲೇ ಮುಗ್ಗಲು ವಾಸನೆ ಮುಖಕ್ಕೆ ರಾಚಿತ್ತು. ಒಳಚಾವಣಿಯ ಮೇಲೆ ಕರಿ ಚುಕ್ಕೆ, ಮೆತ್ತೆಗಳ ಮೇಲೆ ಬೂದಿಯಂಥ ಪದರ. ದುಡ್ಡಿರುವವರಿಗೆ ವಸ್ತುವಿನ ಬೆಲೆ ಗೊತ್ತಿಲ್ಲ ಎಂದುಕೊಂಡ.

ಭಾನುವಾರ ಬೆಳಿಗ್ಗೆ ಮೂಗಿಗೆ ಮಾಸ್ಕ್ ಕಟ್ಟಿ ಕೆಲಸಕ್ಕೆ ಇಳಿಯುತ್ತಿದ್ದ. ಒಣ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟಿನ ಪುಡಿ ಹಾರಿ ಇನ್ನೊಂದೆಡೆ ಕೂರುತ್ತದೆ. ಅದಕ್ಕೇ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆ, ಆಮೇಲೆ ವಿನೆಗರ್, ಆಮೇಲೆ ಟೇಬಲ್ ಫ್ಯಾನ್. ಮೆತ್ತೆಗಳನ್ನು ಗೋಡೆಗೆ ತಾಗದಂತೆ ನಿಲ್ಲಿಸಿದ. ಕಪಾಟುಗಳ ಬಾಗಿಲು ತೆರೆದಿಟ್ಟ. ಚಾವಣಿಯ ಕಿಂಡಿಯನ್ನು ಹೆಬ್ಬೆರಳಿನಷ್ಟು ಎತ್ತಿ, ತೇವ ಹೀರುವ ಪೊಟ್ಟಣಗಳನ್ನು ಮೂಲೆಮೂಲೆಗೆ ತೂಗಿಬಿಟ್ಟ. ಹಾಸಿಗೆಯ ಕೆಳಗಿನ ಹಲಗೆ ಬಿಚ್ಚಿ, ಹಳೇ ಪಂಚೆಯಲ್ಲಿ ಸುತ್ತಿದ ಸೀರೆಗಳನ್ನು ಅಲ್ಲಿಟ್ಟು ಮತ್ತೆ ಸ್ಕ್ರೂ ಬಿಗಿದ. ಜರಿ ಮುರಿಯದಿರಲೆಂದು ಎರಡು ವಾರಕ್ಕೊಮ್ಮೆ ಮಡಿಕೆ ಬದಲಿಸುತ್ತಿದ್ದ.

ಆದರೂ ನೆಮ್ಮದಿಯಿರಲಿಲ್ಲ. ಅಂಗಡಿಯಲ್ಲಿ ಕೂತವನಿಗೆ ಮೋಡ ಕವಿದರೆ ಸಾಕು, ಕಿಂಡಿ ಎಷ್ಟು ತೆರೆದಿದ್ದೆ ಎಂಬ ಚಿಂತೆ. ತೇವ ಅಳೆಯುವ ಪುಟ್ಟ ಯಂತ್ರವೊಂದನ್ನು ತಂದಿಟ್ಟ ಮೇಲೆ ಅದರ ಅಂಕಿ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

"ಯಾಕೋ, ಮಳೆ ಬಂದ್ರೆ ಎದ್ದೆದ್ದು ಬಾಗ್ಲಿಗೆ ಹೋಗ್ತೀಯ?" ಪರಮಶಿವಯ್ಯ ಒಮ್ಮೆ ಕೇಳಿದರು.

"ಬಟ್ಟೆ ಒಣಗಹಾಕಿ ಬಂದಿದೀನಿ ಸಾರ್."

"ಹೋಗಿ ಎತ್ತಿಟ್ಟು ಬಾ. ಸೀರೆ ಹೋದಾಗಿಂದ ನೀನೇ ಸೊರಗಿಹೋಗಿದೀಯ."

ಸೆಪ್ಟೆಂಬರ್ ಹೊತ್ತಿಗೆ ವ್ಯಾನಿನ ಒಳಗೆ ಒಂದು ಚುಕ್ಕೆಯೂ ಇರಲಿಲ್ಲ. ಒಂದು ಭಾನುವಾರ ಮಾಸ್ಕ್ ತೆಗೆದು ಉಸಿರೆಳೆದ. ಯಾವ ವಾಸನೆಯೂ ಇಲ್ಲ. ಅವತ್ತು ಪೊಟ್ಟಣ, ಫ್ಯಾನು, ಯಂತ್ರ ಎಲ್ಲವನ್ನೂ ಮಹಡಿಗೆ ಸಾಗಿಸಿ, ಮೆತ್ತೆಗಳನ್ನು ಇದ್ದಂತೆಯೇ ಹಾಸಿದ. ತಾನು ಬಂದುಹೋದ ಒಂದು ಗುರುತೂ ಉಳಿದಿಲ್ಲ ಎಂದು ಎರಡು ಸಲ ನೋಡಿಕೊಂಡ.

ಮುಂದಿನ ಭಾನುವಾರ ಪ್ರತಿಭಾ ಬಂದರು. ಜೊತೆಗೆ ಕೈಯಲ್ಲಿ ಫೈಲು, ಹೆಗಲಲ್ಲಿ ಉಪಕರಣಗಳ ಬ್ಯಾಗು ಇದ್ದ ಹಿರಿಯರೊಬ್ಬರು. ಅನಿಲ್ ನಿರಾಳವಾಗಿ ಕೆಳಗಿಳಿದು, "ಕಾಫಿ ತರ್ಲಾ ಮೇಡಂ?" ಎಂದ. "ಬೇಡ ಅನಿಲ್ ಅವ್ರೇ" ಎನ್ನುತ್ತ ಅವರು ಬೀಗ ತೆಗೆದು ಒಳಹೊಕ್ಕರು.

"ಯಾರೋ ಒಳಗೆ ಬಂದಿದಾರೆ," ಎಂದರು ಪ್ರತಿಭಾ, ಮೊಬೈಲಿನಲ್ಲಿ ಮೇ ತಿಂಗಳ ಫೋಟೋ ತೋರಿಸುತ್ತ. "ನೋಡಿ ಸಾರ್, ಇಡೀ ಚಾವಣಿ ಬೂಷ್ಟು. ಗಾಡಿ ಸೋರುತ್ತೆ ಅಂತ ಕಟ್ಟಿಕೊಟ್ಟವರ ಮೇಲೆ ಗ್ರಾಹಕರ ಕೋರ್ಟಲ್ಲಿ ಕೇಸ್ ಹಾಕಿರೋದೇ ಇದಕ್ಕೆ. ತಜ್ಞರು ಬಂದು ನೋಡೋವರ್ಗೂ ಮುಟ್ಟಬೇಡಿ ಅಂತ ವಕೀಲರು ಹೇಳಿದ್ರು, ಅದಕ್ಕೇ ನಾನು ಬಾಗಿಲೇ ತೆಗೆದಿಲ್ಲ." ಹಿರಿಯರು ಶುಭ್ರ ಚಾವಣಿಯನ್ನೊಮ್ಮೆ, ಫೋಟೋವನ್ನೊಮ್ಮೆ ನೋಡಿದರು. "ಮೇಲಿಂದ ಒರೆಸಿರಬಹುದಮ್ಮ. ಒಳಗಿರೋದು ಎಲ್ಲಿಗೆ ಹೋಗುತ್ತೆ? ಹಲಗೆ ಒಂದೂ ಬಿಡದೆ ಬಿಚ್ಚಿ ನೋಡಣ," ಎಂದು ಸ್ಕ್ರೂಡ್ರೈವರ್ ತೆಗೆದು, ಹಾಸಿಗೆಯ ಕೆಳಗಿನ ಹಲಗೆಯ ಮುಂದೆ ಮಂಡಿಯೂರಿದರು.