ಬೀಗರ ಮುಂದೆ ಊದಿದ ಜಾಝ್

"ಮೇಡಂ, ಜಾಝ್ ಅಂತಾರಲ್ಲ... ಅದನ್ನ ಯಾರಿಂದ ಶುರು ಮಾಡ್ಬೇಕು?"

ಕೆ.ಆರ್. ನಗರದ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ರೂಪಶ್ರೀ ತಲೆಯೆತ್ತಿ ದುರುಗುಟ್ಟಿದಳು. ಹುಡುಗಿಯರನ್ನು ಮಾತಿಗೆಳೆಯಲು ಗಂಡಸರು ಏನೇನೋ ನೆಪ ತರುತ್ತಾರೆ. ಇದೊಂದು ಹೊಸದು!

"ಇದು ಮೊಬೈಲ್ ಅಂಗ್ಡಿ ಕಣ್ರೀ. ಸಂಗೀತದ ಸ್ಕೂಲಲ್ಲ."

"ಬೇಜಾರ್ ಮಾಡ್ಕೋಬೇಡಿ. ನಾನು ವಾಲಗದ ಸೆಟ್ಟಲ್ಲಿ ಸ್ಯಾಕ್ಸೋಫೋನ್ ಊದ್ತೀನಿ. ಮೊನ್ನೆ ಒಂದು ಮದ್ವೇಲಿ ಯಾರೋ ಮೇಷ್ಟ್ರು, 'ಸ್ಯಾಕ್ಸ್ ಇಟ್ಕೊಂಡು ಜಾಝ್ ಕೇಳಿಲ್ವಾ' ಅಂತ ಎಲ್ರ ಮುಂದೆ ನಕ್ಬುಟ್ರು. ನಂಗೆ ಒಬ್ರ ಹೆಸ್ರೂ ಗೊತ್ತಿಲ್ಲ. ಹುಡುಕ್ಕೊಡ್ತೀರಾ?"

ಹೇಳುವಾಗ ಅವನ ಕಿವಿ ಕೆಂಪಾಗಿತ್ತು. ರೂಪಶ್ರೀಗೆ ಪಾಪ ಅನಿಸಿತು. ಹಾಳಾದ್ದು, ಎಷ್ಟೋ ಪ್ರೀತಿ ಶುರುವಾಗುವುದೇ ಹೀಗೆ ಪಾಪ ಅನಿಸಿ!

ಅವನ ಹೆಸರು ಸಿದ್ದರಾಜು. ಜಾಝ್‌ನ ಗಂಧಗಾಳಿ ಅವಳಿಗೂ ಇರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಕಿವಿಗೊಂದೊಂದು ಇಯರ್‌ಫೋನ್ ಹಂಚಿಕೊಂಡು ಇಬ್ಬರೂ ಹುಡುಕಿದರು. ಲೂಯಿ ಆರ್ಮ್‌ಸ್ಟ್ರಾಂಗ್‌ನ ಟ್ರಂಪೆಟ್ ಕೇಳಿ "ಇದು ಮೆರವಣಿಗೆಗೆ" ಅಂದ. ಕಾಲು ಕುಣಿಸುವ ಸ್ವಿಂಗ್ ಬಂದಾಗ "ಇದು ಆರತಕ್ಷತೆಗೆ" ಅಂದ. ಚಾರ್ಲಿ ಪಾರ್ಕರ್ ಸ್ಯಾಕ್ಸ್‌ನಲ್ಲಿ ಊದಿದ ಬಿರುಸಿನ ಬಿಬಾಪ್‌ಗೆ ಮಾತ್ರ ಕಕ್ಕಾಬಿಕ್ಕಿಯಾದ.

"ಇವ್ನು ಉಸ್ರು ಎಲ್ಲಿ ತಗೊಂಡ ಕಣ್ರೀ!"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ವಾರಗಟ್ಟಲೆ ಹೀಗೆ ಹುಡುಕುತ್ತಾ, 'ರೀ' ಹೋಗಿ 'ಕಣೇ' ಬಂದ ಮೇಲೆ, ಲೆಸ್ಟರ್ ಯಂಗ್ ಬಳಿ ಇಬ್ಬರೂ ನಿಂತುಬಿಟ್ಟರು. ಗಾಯಕಿ ಬಿಲ್ಲಿ ಹಾಲಿಡೇ ಹಾಡುತ್ತಿದ್ದರೆ ಲೆಸ್ಟರ್‌ನ ಸ್ಯಾಕ್ಸ್ ಅಡ್ಡ ಬಾರದೆ ಪಕ್ಕದಲ್ಲೇ ನಡೆಯುತ್ತಿತ್ತು.

"ಇದು ಮದ್ವೇಲಿ ಯಾವ ಹೊತ್ತಿಗೆ ಸಿದ್ದು?"

"ಇದು ಮದ್ವೆಗಲ್ಲ ಕಣೇ... ನಿಂಗೆ."

ಆ ಮಾತಿನಲ್ಲೇ ಅವಳು ಸುಮ್ಮನಾಗಬೇಕಿತ್ತು. ಆಗಲಿಲ್ಲ.

ಮೂರು ತಿಂಗಳಿಗೆ ಅವಳ ಅಕ್ಕ ಸೌಂದರ್ಯಳ ಮದುವೆ ಬಂತು. ಪಿರಿಯಾಪಟ್ಟಣದ ಛತ್ರದಲ್ಲಿ ಸಿದ್ದರಾಜುವಿನ ಸೆಟ್ಟಿನದೇ ವಾಲಗ. ಬೀಗರನ್ನು ಎದುರುಗೊಳ್ಳಲು ಎಲ್ಲರೂ ಬಾಗಿಲಿಗೆ ಹೊರಟಾಗ ರೂಪಶ್ರೀ ಅವನ ಕಿವಿಯಲ್ಲಿ ಪಿಸುಗುಟ್ಟಿದಳು.

"ಇವತ್ತು ಅದನ್ನ ಊದು, ಆ ಲೆಸ್ಟರ್ ಯಂಗ್‌ದು. ನಂಗೋಸ್ಕರ!"

"ಈಗಾ? ಬೇಡ ಕಣೇ. ಊಟದ ಹೊತ್ತಲ್ಲಿ ಊದ್ತೀನಿ ಬುಡು."

"ಇಷ್ಟೇನಾ ನಿನ್ನ ಪ್ರೀತಿ?"

ಅವನು ಊದಿದ. ನಿಧಾನಕ್ಕೆ, ತಗ್ಗಿನಲ್ಲಿ, ಎಳೆದೆಳೆದು. ಡೋಲಿನವನು ಪೆಟ್ಟು ಎಲ್ಲಿ ಹಾಕಬೇಕೋ ತಿಳಿಯದೆ ಕೋಲು ಕೆಳಗಿಟ್ಟ.

ಗಂಡಿನ ಅಜ್ಜಿ ಚಿಕ್ಕಬೀರಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು. ಅವರು ಗಂಡನನ್ನು ಕಳೆದುಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

"ಅಯ್ಯೋ! ಎಣದ ಮುಂದೆ ಊದೋದನ್ನ ಊದ್ತಾವ್ನಲ್ಲಪ್ಪೋ! ನಡೀರ್ಲಾ, ಈ ಸಂಬಂಧ ಬ್ಯಾಡ!"

ಗಲಾಟೆಯಾಯಿತು. ರೂಪಶ್ರೀಯ ಅಪ್ಪ ವೀರಭದ್ರಸ್ವಾಮಿ ಬೀಗರ ಕಾಲಿಗೆ ಬಿದ್ದು ಅವರನ್ನು ಒಳಗೆ ಕರೆತಂದರು. ಆಮೇಲೆ ತಿರುಗಿ ಬಂದು ಸಿದ್ದರಾಜುವಿನ ಕೆನ್ನೆಗೆ ಬಾರಿಸಿದರು.

"ಯಾರ್ಲಾ ಹೇಳಿದ್ದು ನಿಂಗೆ ಇದನ್ನ ಊದು ಅಂತ?"

ಅವನು ರೂಪಶ್ರೀಯನ್ನು ನೋಡಿದ.

*ಹೇಳು ರೂಪ... ಊದಿಸಿದ್ದು ನಾನೇ ಅಂತ ಹೇಳು!* ಅವಳ ಮನಸ್ಸು ಕೂಗಿತು. ಬಾಯಿ ತೆರೆಯಲಿಲ್ಲ. ತಲೆ ತಗ್ಗಿಸಿದಳು.

"ಯಾರೂ ಹೇಳಿಲ್ಲ, ನಾನೇ ಊದಿದ್ದು ಯಜಮಾನ್ರೇ. ತಪ್ಪಾಯ್ತು."

ಮದುವೆಯೇನೋ ನಡೆಯಿತು. ಆದರೆ ಅಪಶಕುನದವನನ್ನು ಯಾವ ಛತ್ರದವರು ಕರೆಯುತ್ತಾರೆ? ಸೆಟ್ಟಿನವರೂ ಅವನನ್ನು ಬಿಟ್ಟರು. ಫೋನ್ ನಂಬರ್ ಬದಲಾಯಿಸಿ ಎಲ್ಲೋ ಹೊರಟುಹೋದ. ಅವನಿಗೆ ತನ್ನ ಮೇಲೆ ದ್ವೇಷ ಹುಟ್ಟಿದೆ, ಹುಡುಕಿ ಹೋದರೆ ಮುಖಕ್ಕೆ ಉಗಿಯುತ್ತಾನೆ ಅಂದುಕೊಂಡು ರೂಪಶ್ರೀ ಹುಡುಕಲೇ ಇಲ್ಲ. ಹೇಡಿಗಳಿಗೆ ಕಾರಣಗಳಿಗೇನು ಬರ!

ಎಂಟು ತಿಂಗಳ ಮೇಲೆ, ಸೆಟ್ಟಿನವರನ್ನು ಕೇಳಿ ಹುಡುಕಿಕೊಂಡು, ಪಿರಿಯಾಪಟ್ಟಣದಾಚೆಯ ಕೊಪ್ಪದ ಶುಂಠಿ ತೊಳೆಯುವ ಕಣಕ್ಕೆ ಬ್ಯಾಗ್ ಹಿಡಿದು ಬಂದು ಅವನ ಎದುರು ನಿಂತಳು. ಅವನ ಮೊಣಕೈವರೆಗೂ ಕೆಸರು.

"ಏನ್ ಬಂದ್ರಿ?"

ಆ 'ಬಂದ್ರಿ' ಅವಳ ಎದೆಗೆ ಚುಚ್ಚಿತು.

"ಸಿದ್ದು... ಅಕ್ಕಂಗೆ ಮಗು ನಿಲ್ಲಲಿಲ್ಲ. ಆ ವಾಲಗದೋನಿಂದ್ಲೇ ಅಂತ ಭಾವನ ಅಜ್ಜಿ ಶಾಪ ಹಾಕ್ತಿದ್ರು. ತಡೆಯಕ್ಕಾಗ್ಲಿಲ್ಲ. ಊದಿಸಿದ್ದು ನಾನೇ ಅಂತ ನಿನ್ನೆ ಎಲ್ರ ಮುಂದೆ ಹೇಳ್ಬುಟ್ಟೆ. ನಿನ್ನ ಪ್ರೀತಿಸ್ತೀನಿ ಅಂತಾನೂ ಹೇಳ್ದೆ."

"ಅವತ್ತು ಹೇಳಕ್ಕೆ ಏನಾಗಿತ್ತು?"

"ಹೆದ್ರಿಕೆ."

"ನಂಗೆ ನಿಮ್ಮಪ್ಪಾರ ಏಟು ನೋಯ್ಲಿಲ್ಲ ಕಣೇ. ಈಗ ಬಾಯಿ ಬುಡ್ತಾಳೆ, ಈಗ ಬುಡ್ತಾಳೆ ಅಂತ ಕಾದ್ನಲ್ಲ... ಅದು ನೋಯ್ತು. ಸ್ಯಾಕ್ಸ್ ಮಾರ್ಬುಟ್ಟೆ ಗೊತ್ತಾ? ಯಾರಾದ್ರೂ ಊದೋದು ಕೇಳಿದ್ರೆ ಎದ್ದೋಗ್ತೀನಿ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಕೈ ತೊಳೆದು, ಪಂಚೆಗೆ ಒರೆಸಿಕೊಂಡು ಬಂದ.

"ನಡಿ, ಬಸ್ ಹತ್ತಿಸ್ತೀನಿ."

"ಯಾವ ಊರಿನ ಬಸ್ಸು? ಅಪ್ಪ ಮನೆಗೆ ಬರ್ಬೇಡ ಅಂದವ್ರೆ."

ಅವನು ಅವಳ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡ.

"ಇಲ್ಲೇ ನಮ್ಮವ್ವ ಅವ್ಳೆ, ಬಾ. ಆದ್ರೆ ನನ್ನ ಕೋಪ ಹೋಗಿಲ್ಲ ರೂಪ. ಯಾವಾಗ ಹೋಯ್ತದೋ ಗೊತ್ತಿಲ್ಲ. ಕೋಪ ಇಟ್ಕೊಂಡೇ ನಿನ್ನ ಕಟ್ಕೋತೀನಿ, ಆಯ್ತದಾ?"

"ಆಯ್ತದೆ. ದಿನಾ ಬೈಯಿ... ಸುಮ್ನೆ ಮಾತ್ರ ಇರ್ಬೇಡ ಸಿದ್ದು."

"ಅದನ್ನ ನಾನು ನಿಂಗೆ ಹೇಳ್ಬೇಕು ಕಣೇ," ಅಂದ.