ಮೇಸ್ತ್ರಿಯ ಕೆಮ್ಮು

ನಮ್ಮ ಶೆಡ್ಡಿನ ವೆಲ್ಡಿಂಗ್ ಮೆಷೀನಿನಲ್ಲಿ ಕಡ್ಡಿಯ ಬೆಸುಗೆಯೂ ಆಗುತ್ತದೆ, ವೈರಿನ ಬೆಸುಗೆಯೂ ಆಗುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕೇಬಲ್ ಬದಲಿಸಬೇಕು. ಮೇಸ್ತ್ರಿ ತಾವೇ ಪ್ಲಗ್ ಕಿತ್ತು "ಆಫ್ ಆಯ್ತು, ಕೈ ಹಾಕು" ಅನ್ನುವವರೆಗೆ ಯಾರೂ ಮುಟ್ಟುವಂತಿರಲಿಲ್ಲ.

ನನಗೋ ಮಿಮಿಕ್ರಿಯ ತೀಟೆ. ಅವರ ದನಿಯಲ್ಲೇ ಹಾಗೆ ಕೂಗಿ, ತಮಾಷೆಯೆಂದು ತಿಳಿಯಲಿ ಅಂತ ಕೊನೆಗೊಂದು ಒಣಕೆಮ್ಮು ಸೇರಿಸುತ್ತಿದ್ದೆ. ಅಸಲಿ ಮೇಸ್ತ್ರಿ ಕೆಮ್ಮುತ್ತಿರಲಿಲ್ಲ.

ಒಂದು ದಿನ ಕಪಾಟಿನ ಹಿಂದೆ ನಿಂತು, ಬೇಕೆಂದೇ ಕೆಮ್ಮದೆ ಕೂಗಿದೆ. ಶೆಡ್ಡಿನಲ್ಲೇ ಕೆಲಸಕ್ಕಿದ್ದ ನನ್ನ ಭಾವ ಕೈ ಹಾಕಿಯೇಬಿಟ್ಟರು. ಅವರ ಎರಡು ಬೆರಳು ಇಂದಿಗೂ ಮಡಚುವುದಿಲ್ಲ.

"ನೀವೇ ಹೇಳಿದ್ರಲ್ಲ ಮೇಸ್ತ್ರಿ!" ಎಂದರು ಭಾವ.

"ನಾನಾ? ಹೇಳಿರ್ಬೋದಪ್ಪ, ವಯಸ್ಸಾಯ್ತು ನೋಡು," ಎಂದವರು ಅಂದೇ ಕೆಲಸ ಬಿಟ್ಟರು. ಊರೆಲ್ಲರ ದನಿ ತೆಗೆಯುವ ನನಗೆ ಆಗ ನನ್ನ ದನಿಯೇ ಹೊರಡಲಿಲ್ಲ. ವರ್ಷದೊಳಗೆ ಅವರು ತೀರಿಕೊಂಡರು.

ಮೊನ್ನೆ ಮಟಮಟ ಮಧ್ಯಾಹ್ನ ಒಬ್ಬನೇ ಕೇಬಲ್ ಬದಲಿಸಲು ಕೂತೆ. ಕಿತ್ತ ಪ್ಲಗ್ ನನ್ನ ತೊಡೆಯ ಮೇಲಿತ್ತು. ಆದರೂ ಮೆಷೀನಿನ ಫ್ಯಾನ್ ತಿರುಗುತ್ತಿತ್ತು, ಅದರ ಗಾಳಿ ತಣ್ಣಗೆ ಕೊರೆಯುತ್ತಿತ್ತು. ಕಪಾಟಿನ ಹಿಂದಿನಿಂದ ಮೇಸ್ತ್ರಿಯ ದನಿ ಬಂತು.

"ಆಫ್ ಆಯ್ತು, ಕೈ ಹಾಕು."

ನಾನು ಕೈ ಹಾಕಲಿಲ್ಲ. "ಮೇಸ್ತ್ರಿ, ಆವತ್ತು ಕೂಗಿದ್ದು ನಾನೇ," ಎಂದೆ.

ಫ್ಯಾನ್ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, ಕಪಾಟಿನ ಹಿಂದೆ ಯಾರೋ ಒಣಕೆಮ್ಮು ಕೆಮ್ಮಿದರು.