ಪೆಟ್ಟಿಗೆಗೆ ಒಗ್ಗದ ಧ್ವನಿ

"ದಿನಾ ಓದಿ ಹೇಳ್ತೀನಿ ದೊಡ್ಡಮ್ಮ. ಒಂದು ದಿನಾನೂ ತಪ್ಪಿಸಲ್ಲ!"

ದೊಡ್ಡಮ್ಮನ ಕಣ್ಣು ಇನ್ನು ಬರುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ ದಿನ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳು ಕೊಟ್ಟ ಮಾತು ಅದು. ಆಗ ಅವಳಿನ್ನೂ ಎರಡು ಜಡೆಯ ಹುಡುಗಿ. ತಾಯಿಯಿಲ್ಲದ ತನ್ನನ್ನು ಎದೆಗವಚಿ ಸಾಕಿದವಳಿಗೆ ಕೊಡಲು ಅವಳ ಹತ್ತಿರ ಇದ್ದದ್ದು ಬಾಯಿ ಒಂದೇ.

ಆ ಬಾಯಿಗಾಗಿಯೇ ದೊಡ್ಡಮ್ಮ ಅವಳಿಗೆ ಜೀರುಂಡೆ ಎಂದು ಹೆಸರಿಟ್ಟಿದ್ದಳು.

ಜ್ವರ ಬಂದಾಗಲೂ ಓದಿದಳು. ಪರೀಕ್ಷೆಯ ದಿನವೂ ಓದಿದಳು. ಪತ್ರಿಕೆ, ಕಾದಂಬರಿ, ಕೊನೆಗೆ ಔಷಧಿ ಡಬ್ಬದ ಮೇಲಿನ ಸಣ್ಣಕ್ಷರವನ್ನೂ ಬಿಡಲಿಲ್ಲ. ಮಾತು ಉಳಿದಿತ್ತು... ಟೀಚರ್ ಆದ ಅವಳಿಗೆ ದೂರದ ಶಾಲೆಗೆ ವರ್ಗವಾಗುವವರೆಗೆ.

ಈಗ ವಾರಕ್ಕೊಮ್ಮೆ ಮಾತ್ರ ಮನೆ. ಶಾಲೆಯ ಊರಲ್ಲಿ ಫೋನಿನ ಸಿಗ್ನಲ್ಲೋ, ಬಂದರೆ ಬಂತು, ಹೋದರೆ ಹೋಯಿತು. ಎರಡು ಸಾಲು ಓದುವಷ್ಟರಲ್ಲಿ ಕಟ್! ಅದಕ್ಕೇ ಅವಳು ಅಂಧರ ಗ್ರಂಥಾಲಯದ ರೆಕಾರ್ಡಿಂಗ್ ಕೋಣೆಯಲ್ಲಿ ಕೂತು, ಒಂದು ವಾರಕ್ಕಾಗುವಷ್ಟು ಕಾದಂಬರಿ ಓದಿ, ಮೆಮೊರಿ ಕಾರ್ಡನ್ನು ದೊಡ್ಡಮ್ಮನ ಓದುಪೆಟ್ಟಿಗೆಗೆ ಹಾಕಿ ಬಸ್ಸು ಹತ್ತಿದ್ದಳು. ಕಾರ್ಡ್ ಹಾಕಿದರೆ ಅದರಲ್ಲಿರುವ ಓದನ್ನು ಕೇಳಿಸುವ, ಇಟ್ಟಿಗೆಯಂಥ ಹಳೆಯ ಪೆಟ್ಟಿಗೆ. ಅದರ ದಪ್ಪ ಗುಂಡಿಗಳು ದೊಡ್ಡಮ್ಮನ ಬೆರಳಿಗೆ ಬಾಯಿಪಾಠ.

ಮುಂದಿನ ಶನಿವಾರ ಬಂದು ನೋಡಿದರೆ...

"ಏನೂ ಬರ್ಲಿಲ್ಲ ಕಣೇ," ಎಂದಳು ದೊಡ್ಡಮ್ಮ. "ನಿನಗೆ ಓದೋಕೆ ಪುರುಸೊತ್ತಾಗಿರ್ಲಿಲ್ಲ ಅನ್ಸುತ್ತೆ. ಇರ್ಲಿ ಬಿಡು."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ 'ಇರ್ಲಿ ಬಿಡು' ಇದೆಯಲ್ಲ, ಅದು ನೇರ ಎದೆಗೆ ನಾಟಿತು!

ಮರುದಿನ ಗ್ರಂಥಾಲಯದ ಬಾಗಿಲು ಧಡ್ ಎಂದಿತು.

"ಯಾರ್ರೀ ಇಲ್ಲಿ ರೆಕಾರ್ಡಿಂಗ್ ಮಾಡೋರು?"

ಗಾಜಿನಾಚೆ ಕೂತಿದ್ದವನು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿ ಎದ್ದು ನಿಂತ. ಅವಳು ಓದುವಾಗಲೂ ಅವನೇ ಅಲ್ಲಿ ಕೂತಿದ್ದದ್ದು. ಆಗ ಅವಳ ಕಣ್ಣು ಪುಸ್ತಕದ ಮೇಲಿತ್ತು, ಅವನ ಮುಖ ನೋಡಿರಲಿಲ್ಲ. ಈಗ ನೋಡಿದಳು. ಮುಖ ಚೆನ್ನಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಟೀಚರ್, ನೀವಾ..."

"ನಾನೇ! ಈ ಕಾರ್ಡ್‌ಗೆ ಏನು ಮಣ್ಣು ತುಂಬಿಸಿ ಕೊಟ್ಟಿದ್ದೀರಿ? ಪೆಟ್ಟಿಗೆ ಬಾಯೇ ಬಿಡ್ತಿಲ್ಲ."

ಅವನು ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿ ನಾಲಿಗೆ ಕಚ್ಚಿಕೊಂಡ. "ಅಯ್ಯೋ... ಇದು ಫ್ಲಾಕ್ ಫೈಲು. ನೀವು ಓದಿದ್ದು ಒಂದು ಚೂರೂ ಕಳೆಯದ ಹಾಗೆ ಪೂರ್ತಿ ಇದೆ. ಆದ್ರೆ ಆ ಪೆಟ್ಟಿಗೆಗೆ ಎಂಪಿ ತ್ರೀ ಬಿಟ್ಟು ಬೇರೆ ಏನೂ ಅರ್ಥ ಆಗಲ್ಲ."

"ಮತ್ತೆ ಎಂಪಿ ತ್ರೀನೇ ಕೊಡೋಕೆ ಏನು ಧಾಡಿ ನಿಮಗೆ?"

"ಅಲ್ಲ... ನಿಮ್ಮದು... ಹಾಗೇ ಇರ್ಲಿ ಅಂತ..." ಅವನ ಕಿವಿ ಕೆಂಪಾಯಿತು.

'ಸೋಮಾರಿ! ಮಾಡೋಕೆ ಬೇಜಾರು, ಅದಕ್ಕೊಂದು ನೆಪ ಬೇರೆ.'

"ಒಂದು ಗಂಟೆ ಕೊಡಿ, ಬದಲಾಯಿಸಿ ಕೊಡ್ತೀನಿ."

"ನನ್ನ ಬಸ್ಸು ನಿಮಗೋಸ್ಕರ ನಿಲ್ಲಲ್ಲ!"

ಕಾರ್ಡ್ ಕಿತ್ತುಕೊಂಡು ಹೊರಟೇಬಿಟ್ಟಳು. ಪಕ್ಕದ ಮನೆಯ ಲ್ಯಾಪ್‌ಟಾಪಿನಲ್ಲಿ ತಾನೇ ಕೂತು, ಪ್ರತಿ ಫೈಲಿನ ಹೆಸರಿನ ಬಾಲದಲ್ಲಿದ್ದ ಫ್ಲಾಕ್ ಅಳಿಸಿ ಎಂಪಿ ತ್ರೀ ಎಂದು ಬರೆದಳು. 'ಇಷ್ಟೇ ತಾನೇ! ಇದಕ್ಕೆ ಅವನಿಗೆ ಒಂದು ಗಂಟೆ ಬೇಕಂತೆ.' ಕೇಳಿ ನೋಡಲು ಹೊತ್ತಿರಲಿಲ್ಲ. ಪೆಟ್ಟಿಗೆಗೆ ಸಿಕ್ಕಿಸಿ ಬಸ್ ನಿಲ್ದಾಣಕ್ಕೆ ಓಡಿದಳು.

ಮುಂದಿನ ವಾರವೂ ಅದೇ ಕಥೆ. "ಕುಯ್ ಅನ್ನುತ್ತೆ, ಸುಮ್ಮನಾಗುತ್ತೆ," ಎಂದಳು ದೊಡ್ಡಮ್ಮ.

ಮರುದಿನ ಗ್ರಂಥಾಲಯದಲ್ಲಿ, ತಾನು ಮಾಡಿದ್ದನ್ನು ಅವಳು ಹೇಳಿದಾಗ ಅವನಿಗೆ ನಗು ತಡೆಯಲಾಗಲಿಲ್ಲ. "ಕತ್ತೆಗೆ ಕುದುರೆ ಅಂತ ಹೆಸರಿಟ್ರೆ ಅದು ಓಡುತ್ತಾ ಟೀಚರ್?"

"ನಗಿ... ನಗಿ! ಎರಡು ವಾರದಿಂದ ಒಬ್ಬ ಮುದುಕಿ ಮೂಗಿ ಪೆಟ್ಟಿಗೇನ ತೊಡೆ ಮೇಲಿಟ್ಕೊಂಡು ಕೂತಿದ್ದಾಳೆ. ನಾನು ಅವಳನ್ನ ಮರೆತೆ ಅಂದ್ಕೊಂಡು ಕೂತಿದ್ದಾಳೆ. ನಿಮಗೆ ನಗು!"

ಅವನ ನಗು ಅಲ್ಲೇ ಸತ್ತಿತು.

"ಈಗಲೇ ಮಾಡ್ತೀನಿ," ಎಂದ ಮೆಲ್ಲಗೆ.

"ಇಡೀ ಕಾದಂಬರಿ ಈ ಪುಟ್ಟ ಕಾರ್ಡ್‌ನಲ್ಲೇ ಹಿಡೀಬೇಕು. ಉಳಿದಿದ್ದನ್ನೂ ಇವತ್ತೇ ಓದಿಬಿಡ್ತೀನಿ."

"ಫೈಲನ್ನ ಅಷ್ಟೊಂದು ಹಿಂಡಿ ಸಣ್ಣದು ಮಾಡಿದ್ರೆ ಧ್ವನಿ ಸೊರಗಿ ಹೋಗುತ್ತೆ ಟೀಚರ್..."

"ಕೆಲಸ ತಪ್ಪಿಸಿಕೊಳ್ಳೋದು ಬಿಟ್ಟು ಬೇರೇನೂ ಬರಲ್ವಾ ನಿಮಗೆ? ಹಿಂಡಿ!"

ಅವನು ಏನೋ ಹೇಳಲು ಬಾಯಿ ತೆರೆದ. ಮತ್ತೆ ಹೆಡ್‌ಫೋನ್ ಏರಿಸಿಕೊಂಡ. ಹಿಂಡಿದ.

ಮೂರನೆಯ ಶನಿವಾರ ಬಸ್ಸಿಳಿದು ಬಂದವಳಿಗೆ ಮನೆಬಾಗಿಲಲ್ಲಿ ಗಂಡಸಿನ ಚಪ್ಪಲಿ ಕಂಡವು. ಒಳಗೆ ಅವನು! ಲ್ಯಾಪ್‌ಟಾಪ್ ಹರಡಿಕೊಂಡು ನೆಲದ ಮೇಲೆ, ದೊಡ್ಡಮ್ಮನ ಕಾಲ ಬಳಿ ಕೂತಿದ್ದಾನೆ. ಪಕ್ಕದ ಮನೆಯವರಿಂದ ಗ್ರಂಥಾಲಯಕ್ಕೆ ಫೋನ್ ಮಾಡಿಸಿ, ದೊಡ್ಡಮ್ಮನೇ ಕರೆಸಿದ್ದಳಂತೆ.

"ಪೆಟ್ಟಿಗೇಲಿರೋ ಇವಳು ಯಾರೋ ಬೇರೆಯವಳಪ್ಪ," ಎನ್ನುತ್ತಿದ್ದಳು ದೊಡ್ಡಮ್ಮ. "ಮೂಗು ಹಿಡ್ಕೊಂಡು ಓದ್ತಾಳೆ. ನಮ್ಮ ಜೀರುಂಡೆ ದುಃಖದ ಜಾಗ ಬಂದ್ರೆ ಎಂಜಲು ನುಂಗ್ತಾಳೆ, ಉಸಿರು ಎಳ್ಕೋತಾಳೆ. ಅದೆಲ್ಲ ಎಲ್ಲಿ ಹೋಯ್ತು ಕಿವಿರಾಯ?"

ಹೆಡ್‌ಫೋನ್ ಮುಟ್ಟಿ ನೋಡಿ ಆಗಲೇ ಅವನಿಗೆ ಹೆಸರೂ ಇಟ್ಟಾಗಿತ್ತು.

"ಹಿಂಡಿದಾಗ ಹೋಯ್ತಮ್ಮ. ಇರಿ, ಕಡಿಮೆ ಹಿಂಡಿ ಕೊಡ್ತೀನಿ."

ಹೊಸ ಫೈಲಿಗೆ ಪೆಟ್ಟಿಗೆ ತೊದಲಿತು. "ಇದು ಜಾಸ್ತಿ ಆಯ್ತು, ಪೆಟ್ಟಿಗೆಗೆ ನುಂಗೋಕಾಗ್ತಿಲ್ಲ," ಎಂದ. ಮತ್ತೆ ಬದಲಾಯಿಸಿದ. ಮತ್ತೆ ಹಾಕಿದ. ದೊಡ್ಡಮ್ಮ ಅಲ್ಲವೆಂದು ತಲೆಯಾಡಿಸಿದಳು. ಮತ್ತೆ... ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಪೆಟ್ಟಿಗೆಯೊಂದು ದಿಕ್ಕು, ಮುದುಕಿಯ ಕಿವಿಯೊಂದು ದಿಕ್ಕು, ಎತ್ತು ಏರಿಗೆ ಕೋಣ ನೀರಿಗೆ!

"ಹಾಂ... ಬಂದ್ಲು! ಬಂದ್ಲು ನೋಡು ನಮ್ಮ ಹುಡುಗಿ!"

ಬಾಗಿಲಲ್ಲಿ ನಿಂತವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಲ್ಲಪ್ಪಾ," ಎಂದಳು ದೊಡ್ಡಮ್ಮ, "ಮೊದಲ್ನೇ ಸಲವೇ ಹೀಗೆ ಕೊಡೋಕೆ ಏನಾಗಿತ್ತು ನಿನಗೆ?"

ಅವನು ಗುಂಡಿ ಒತ್ತಿ ಪೆಟ್ಟಿಗೆಯನ್ನು ನಿಲ್ಲಿಸಿದ.

"ಬೇರೆ ಎಲ್ಲರದ್ದೂ ಎಂಪಿ ತ್ರೀ ಮಾಡಿಯೇ ಕೊಡ್ತೀನಮ್ಮ. ಎಂಪಿ ತ್ರೀ ಮಾಡೋದು ಅಂದ್ರೆ ಧ್ವನೀಲಿ ಒಂದಿಷ್ಟನ್ನ ಬೇಡ ಅಂತ ಬಿಸಾಕೋದು. ಇವರದ್ದು ಮಾತ್ರ... ಒಂದು ಉಸಿರನ್ನೂ ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಆ ಗುಂಗಲ್ಲಿ ಪೆಟ್ಟಿಗೆ ನೆನಪೇ ಆಗ್ಲಿಲ್ಲ. ತಪ್ಪು ನಂದೇ."

ಅವಳ ಕೈಯಿಂದ ಚೀಲ ಜಾರಿ ಬಿತ್ತು.

'ನಾನು... ನಾನು ಇವನನ್ನ ಸೋಮಾರಿ ಅಂದ್ಕೊಂಡೆನಲ್ಲಾ!'

"ಬಾ ಒಳಗೆ ಜೀರುಂಡೆ," ಎಂದಳು ದೊಡ್ಡಮ್ಮ, ತಿರುಗದೆಯೇ. "ನೀನು ಬಂದು ನಿಂತಿದ್ದು ಗೊತ್ತಾಗಿಯೇ ಅವನನ್ನ ಕೇಳಿದ್ದು. ನನಗೆ ಕಣ್ಣು ಹೋಗಿದೆ, ಬುದ್ಧಿ ಹೋಗಿಲ್ಲ." ಗೋಡೆ ಸವರಿಕೊಂಡು, ನಗುತ್ತಾ ಒಳಕೋಣೆಗೆ ಹೋದಳು.

ಇಬ್ಬರೇ ಉಳಿದರು. ಅವನು ವೈರು ಸುತ್ತತೊಡಗಿದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದ.

"ನಿಮ್ಮನ್ನ ಸೋಮಾರಿ ಅಂದ್ಕೊಂಡಿದ್ದೆ," ಎಂದಳು.

"ನೀವು ಮನಸ್ಸಲ್ಲಿ ಅಂದ್ಕೊಂಡಿದ್ದು ಗಾಜು ದಾಟಿ ಕೇಳಿಸ್ತಿತ್ತು ಟೀಚರ್."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ದೊಡ್ಡಮ್ಮನಿಗೆ ಹೇಳಿದ್ದನ್ನ... ನನಗೂ ಹೇಳಬಾರದಿತ್ತಾ?"

"ಹೇಳೋಕೆ ಬಾಯಿ ತೆರೆದಾಗೆಲ್ಲ ನೀವು ಬೈತಿದ್ರಿ."

"ಈಗ ಬೈತಿಲ್ಲ."

ಅವನು ವೈರು ಕೆಳಗಿಟ್ಟ. "ನೀವಂದ್ರೆ ನನಗೆ ತುಂಬಾ ಇಷ್ಟ."

"ನಾನು ತುಂಬಾ ಮಾತಾಡ್ತೀನಿ..."

"ಗೊತ್ತು."

"ಸಿಟ್ಟೂ ಜಾಸ್ತಿ."

"ಅದೂ ಇರ್ಲಿ. ಏನೂ ಕಡಿಮೆ ಮಾಡೋದು ಬೇಡ."

ಅವಳು ಅವನ ಪಕ್ಕ ನೆಲದ ಮೇಲೆ ಕೂತಳು. ತಾನಾಗಿಯೇ ಅವನ ಕೈ ಹಿಡಿದಳು.

ಒಂದು ದಿನವೂ ತಪ್ಪಿಸುವುದಿಲ್ಲ ಎಂದು ದೊಡ್ಡಮ್ಮನಿಗೆ ಹೇಳಿದ್ದಳು. ಆ ವಾರಗಳಲ್ಲಿ ತಪ್ಪಿಹೋಗಿತ್ತು. ಮಾತು ಉಳಿಯಲಿಲ್ಲ, ಆದರೆ ಆ ಮುರಿದ ಮಾತೇ ಅವನನ್ನು ಮನೆಬಾಗಿಲಿಗೆ ತಂದಿತ್ತು.